ಈಶ್ವರಮ್ಮನ ಮಗ

ಸುರಪುರದ ರಾಜಾ ವೆಂಕಟಪ್ಪ ನಾಯಕನಿಗೆ ನಮ್ಮ ಶಾಲೆಯ ಚರಿತ್ರೆ ಪುಸ್ತಕಗಳಲ್ಲಿ ನಾಲ್ಕು ಸಾಲು ಸಿಕ್ಕರೆ ಹೆಚ್ಚು. 1858ರಲ್ಲಿ ಬ್ರಿಟಿಷರ ವಿರುದ್ಧ ಕತ್ತಿ ಎತ್ತಿದ, ಸೋತ, ಸಿಕ್ಕಿಬಿದ್ದ, ಸತ್ತ. ಅವನ ತಾಯಿಗೆ ಅಷ್ಟೂ ಇಲ್ಲ. ರಾಣಿ ಈಶ್ವರಮ್ಮ ಎಂಬ ಹೆಸರನ್ನು ಯಾದಗಿರಿ, ಶಹಾಪುರ, ಸುರಪುರದ ಕಡೆಯವರು ಕೇಳಿರಬಹುದು. ಕೃಷ್ಣಾ ನದಿ ದಾಟಿದರೆ ಅದೂ ಇಲ್ಲ. ಆದರೆ ಆ ಹುಡುಗ ಏರಿದ ಬಗೆಯನ್ನೂ ಬಿದ್ದ ಬಗೆಯನ್ನೂ ತಿಳಿಯಬೇಕಾದರೆ ತಾಯಿಯನ್ನು ಬಿಟ್ಟು ತಿಳಿಯಲಾರದು ಎಂದು ನನಗೆ ಅನ್ನಿಸುತ್ತದೆ. ಏಳು ವರ್ಷದ ಮಗನನ್ನು ಮಡಿಲಲ್ಲಿಟ್ಟುಕೊಂಡು ಗಂಡನ ಗಾದಿಯನ್ನು ಕಾಯಬೇಕಾಗಿ ಬಂದ ವಿಧವೆಯೊಬ್ಬಳಿಂದ ಈ ಕಥೆ ಶುರುವಾಗುತ್ತದೆ.

ಹಾಗೆ ನೋಡಿದರೆ ಸುರಪುರದ ನಾಯಕರ ಚರಿತ್ರೆಯಲ್ಲಿ ತಾಯಂದಿರು ಮುಂಚಿನಿಂದಲೂ ಇದ್ದಾರೆ. ಸುರಪುರದಿಂದ ಪಶ್ಚಿಮಕ್ಕೆ ಕೆಲವೇ ಮೈಲಿ ಹೋದರೆ ವಾಗಿನಗೇರಿ ಸಿಗುತ್ತದೆ. ಬಿಜಾಪುರದ ಆದಿಲಶಾಹಿ ಮುಳುಗುತ್ತಿದ್ದ ಕಾಲಕ್ಕೆ ಅದು ಬೇಡ ನಾಯಕರ ಗಟ್ಟಿ ನೆಲೆ. ಶಹಾಪುರದ ಹತ್ತಿರದ ಸಗರ ಕೋಟೆಯನ್ನು ಪಾಮ ನಾಯಕ ಮೊಗಲರಿಗೆ ಬಿಟ್ಟುಕೊಟ್ಟಿದ್ದ. ಆದರೆ ಅವನ ಅಣ್ಣತಮ್ಮಂದಿರ ಮಗ ಪಿಡ್ಡ ನಾಯಕ ವಾಗಿನಗೇರಿಯಲ್ಲಿ ಬೇರು ಬಿಟ್ಟು, ತಲೆ ಬಾಗಿಸದೆ ನಿಂತ. 1705ರ ಫೆಬ್ರವರಿಯಲ್ಲಿ ಔರಂಗಜೇಬ ಖುದ್ದಾಗಿ ದಂಡು ತಗೊಂಡು ಬಂದು ಮುತ್ತಿಗೆ ಹಾಕಿದ. ಅವನಿಗೆ ಆಗ ಎಂಬತ್ತಾರು ದಾಟಿತ್ತು. ದಿಲ್ಲಿ, ಆಗ್ರಾ, ಕಾಬೂಲಿನವರೆಗೆ ಹಬ್ಬಿದ್ದ ಸಾಮ್ರಾಜ್ಯದ ಒಡೆಯ ನಮ್ಮ ಈ ಕಲ್ಲುಗುಡ್ಡಗಳ ನಡುವೆ ಒಬ್ಬ ಬೇಡ ನಾಯಕನ ಮಣ್ಣುಗೋಡೆಯ ಊರಿನ ಮುಂದೆ ಸುಮಾರು ಮೂರು ತಿಂಗಳು ಕೂತ. ಅವನು ತಾನೇ ಮುಂದೆ ನಿಂತು ನಡೆಸಿದ ಕೊನೆಯ ಮುತ್ತಿಗೆ ಅದು.

ಆ ಮುತ್ತಿಗೆಯಲ್ಲಿ ನಡೆದ ಒಂದು ಪ್ರಸಂಗ ನನಗೆ ಬಹಳ ಇಷ್ಟ. ಪಿಡ್ಡ ನಾಯಕನಿಗೆ ಹೊರಗಿನಿಂದ ಮರಾಠರ ನೆರವು ಬರಬೇಕಿತ್ತು. ಅಲ್ಲಿ ಆಗ ರಾಜ್ಯದ ಸೂತ್ರ ಹಿಡಿದಿದ್ದವಳು ತಾರಾಬಾಯಿ. ಮರಾಠಾ ಸರದಾರರ ಎಷ್ಟೋ ಮಂದಿಯ ಹೆಂಡಿರು ಮಕ್ಕಳು ವಾಗಿನಗೇರಿಯಲ್ಲಿ ಆಶ್ರಯ ಪಡೆದಿದ್ದರು. ನೆರವು ಬರುವ ತನಕ ದಿನ ದೂಡಬೇಕು. ಅಬ್ದುಲ್ ಗನಿ ಎಂಬ ಕಾಶ್ಮೀರದ ವ್ಯಾಪಾರಿಯೊಬ್ಬನ ಕೈಯಲ್ಲಿ ಸಂಧಿಯ ಮಾತು ಕಳಿಸಿದರು. ನಾಯಕನ ತಮ್ಮ ಸೋಮಶಂಕರ ಬಾದಶಹನ ಡೇರೆಗೆ ಒತ್ತೆಯಾಳಾಗಿ ಹೋದ. ಅಷ್ಟರಲ್ಲಿ, ನಾಯಕನಿಗೆ ಬುದ್ಧಿಭ್ರಮಣೆಯಾಗಿದೆ, ಮರಾಠರ ಜೊತೆ ಓಡಿಹೋದ ಎಂದು ಕೋಟೆಯೊಳಗಿಂದ ಸುದ್ದಿ ಹಬ್ಬಿತು. ನಾಯಕನ ತಾಯಿ ಅತ್ತು ಕರೆದು ಬಾದಶಹನಿಗೆ ಹೇಳಿ ಕಳಿಸಿದಳು: ಹಿರಿಮಗ ಕೈತಪ್ಪಿದ, ಕಿರಿಮಗನನ್ನಾದರೂ ಬಿಟ್ಟುಕೊಡಿ, ಅವನನ್ನು ಗಾದಿಗೆ ಕೂಡಿಸಿ ಏಳು ದಿನಗಳಲ್ಲಿ ಕೋಟೆ ಖಾಲಿ ಮಾಡುತ್ತೇವೆ. ಬಾದಶಹ ನಂಬಿದ. ಸೋಮಶಂಕರ ಸುರಕ್ಷಿತವಾಗಿ ಮನೆಗೆ ಬಂದ. ಕೋಟೆ ಮಾತ್ರ ಖಾಲಿಯಾಗಲಿಲ್ಲ, ಹುಚ್ಚನೂ ಆಗದ, ಓಡಿಯೂ ಹೋಗದ ಪಿಡ್ಡ ನಾಯಕ ಒಳಗೇ ಇದ್ದ. ನಮ್ಮ ಕಡೆ ಹೆಣ್ಣುಮಕ್ಕಳ ಅಳುವನ್ನು ಬಲಹೀನತೆ ಅನ್ನುತ್ತಾರಲ್ಲ, ಅಂಥವರಿಗೆ ಈ ಮುದುಕಿಯ ಅಳುವಿನ ಕಥೆ ಹೇಳಬೇಕು.

ಕೊನೆಗೆ ಜುಲ್ಫಿಕರ್ ಖಾನನಂಥ ದೊಡ್ಡ ಸರದಾರರು ಬಂದು ಸೇರಿದ ಮೇಲೆ, ಏಪ್ರಿಲ್ ಕೊನೆಯಲ್ಲಿ ಒಂದು ರಾತ್ರಿ, ನಾಯಕನವರು ಮನೆಗಳಿಗೆ ಬೆಂಕಿಯಿಟ್ಟು ಗುಡ್ಡ ಇಳಿದು ಹೋದರು. ಬೆಳಗಾಗುವಷ್ಟರಲ್ಲಿ ಔರಂಗಜೇಬನಿಗೆ ಸಿಕ್ಕಿದ್ದು ಬೂದಿ. ಅವನು ಹತ್ತಿರದ ದೇವಾಪುರದಲ್ಲಿ ತಿಂಗಳುಗಟ್ಟಲೆ ಬೀಡುಬಿಟ್ಟು, ಅಲ್ಲಿಯೇ ಜಡ್ಡಾಗಿ ಮಲಗಿ, ಎದ್ದು ಅಹಮದನಗರಕ್ಕೆ ಹೋಗಿ 1707ರಲ್ಲಿ ತೀರಿಕೊಂಡ. ನಾಯಕರು ಸುರಪುರದಲ್ಲಿ ಹೊಸ ರಾಜಧಾನಿ ಮಾಡಿಕೊಂಡರು. ಸುತ್ತ ಬಂಡೆಗಲ್ಲಿನ ಗುಡ್ಡ, ನಡುವೆ ಬಟ್ಟಲಲ್ಲಿಟ್ಟಂತೆ ಊರು. ಇಂದಿಗೂ ಬಸ್ಸಿನಿಂದ ಇಳಿದ ಹೊಸಬರು ಮೊದಲು ತಲೆಯೆತ್ತಿ ಕಲ್ಲನ್ನೇ ನೋಡುತ್ತಾರೆ.

ಇದೆಲ್ಲ ಏಕೆ ಹೇಳಿದೆನೆಂದರೆ, 1841ರಲ್ಲಿ ರಾಜಾ ಕೃಷ್ಣಪ್ಪ ನಾಯಕ ಸತ್ತಾಗ ಈಶ್ವರಮ್ಮನ ಪಾಲಿಗೆ ಬಂದದ್ದು ಬರೀ ಒಂದು ಜಹಗೀರಿನ ಲೆಕ್ಕಪತ್ರವಲ್ಲ, ಈ ನೆನಪುಗಳೂ ಬಂದವು. ಆದರೆ ಕಾಲ ಬದಲಾಗಿತ್ತು. ಸುರಪುರ ನಿಜಾಮನಿಗೆ ಕಪ್ಪ ಕೊಡುವ ಸಂಸ್ಥಾನವಾಗಿತ್ತು. ಗಾದಿ ಏರುವಾಗ ನಜರಾಣೆ, ವರ್ಷ ವರ್ಷ ಪೇಷ್ಕಶ್, ಕಟ್ಟಲಾಗದೆ ಹೋದರೆ ಸಾವಕಾರರ ಸಾಲ, ಸಾಲಕ್ಕೆ ಬಡ್ಡಿ. ನಿಜಾಮನ ಬೆನ್ನ ಹಿಂದೆ ಹೈದರಾಬಾದಿನ ರೆಸಿಡೆಂಟ್ ಜನರಲ್ ಫ್ರೇಸರ್. ಮನೆಯೊಳಗೆ ಇನ್ನೊಂದು ತಂಟೆ: ಸತ್ತ ರಾಜನ ತಮ್ಮ ಪಿಡ್ಡ ನಾಯಕ. ಹೆಸರು ವಾಗಿನಗೇರಿಯ ವೀರನದೇ, ಆದರೆ ಈ ಸಲ ಜಗಳ ಬಾದಶಹನ ಜೊತೆ ಅಲ್ಲ, ಅತ್ತಿಗೆಯ ಜೊತೆ. ಮಗು ದೊಡ್ಡವನಾಗುವ ತನಕ ರಾಜ್ಯ ನಡೆಸುವವರು ಯಾರು, ಮೈದುನನೋ ಅತ್ತಿಗೆಯೋ? ಒಟ್ಟು ಕುಟುಂಬಗಳಲ್ಲಿ ಬಾಳಿದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎರಡು ಎಕರೆ ಹೊಲವಿದ್ದರೂ ಈ ಪ್ರಶ್ನೆ ಏಳುತ್ತದೆ. ಅಲ್ಲಿ ಒಂದು ಸಂಸ್ಥಾನವೇ ಇತ್ತು.

ಜಗಳ ಬಿಡಿಸಲು ಮೊದಲು ಕ್ಯಾಪ್ಟನ್ ಗ್ರೆಸ್ಲಿ ಎಂಬವನು ಬಂದ. ಅವನ ಜಾಗಕ್ಕೆ ಬಂದವನೇ ಫಿಲಿಪ್ ಮೆಡೋಸ್ ಟೇಲರ್.

ಟೇಲರನ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಏಕೆಂದರೆ ಈಶ್ವರಮ್ಮನೂ ಅವಳ ಮಗನೂ ನಮಗೆ ಕಾಣುವುದು ಬಹುಮಟ್ಟಿಗೆ ಅವನ ಕನ್ನಡಕದಿಂದಲೇ. 1808ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿದವನು. ಹದಿನೈದು ಹದಿನಾರರ ವಯಸ್ಸಿನಲ್ಲಿ ಮುಂಬಯಿಯ ವ್ಯಾಪಾರಿಯೊಬ್ಬನ ಅಂಗಡಿಗೆಂದು ಹಡಗು ಹತ್ತಿ ಬಂದವನು. ಅಂಗಡಿಯ ಭಾಗ್ಯ ಹಾಳಾಗಿತ್ತು. ಅವನು ನಿಜಾಮನ ಸೈನ್ಯಕ್ಕೆ ಸೇರಿದ. ಕಂಪನಿಯ ದೊಡ್ಡ ಸಾಹೇಬರ ಸಾಲಿನವನಲ್ಲ, ಆದ್ದರಿಂದಲೇ ಇರಬೇಕು, ಇಲ್ಲಿಯ ಭಾಷೆಗಳನ್ನು ಕಲಿತ, ಜನರ ಜೊತೆ ಬೆರೆತ. ಅವನ ಹೆಂಡತಿ ಮೇರಿ, ಹೈದರಾಬಾದಿನ ಹೆಸರಾಂತ ಬ್ಯಾಂಕರ್ ವಿಲಿಯಂ ಪಾಮರನ ಮಗಳು. ಆ ಪಾಮರನ ತಾಯಿ ಫೈಜ್ ಬಕ್ಷ್ ಎಂಬ ಮುಸ್ಲಿಂ ಬೇಗಂ. ಅಂದರೆ ಟೇಲರನ ಮನೆಯೊಳಗೇ ನಮ್ಮ ನೆಲದ ರಕ್ತವಿತ್ತು. 1839ರಲ್ಲಿ ಥಗ್ಗನೊಬ್ಬನ ತಪ್ಪೊಪ್ಪಿಗೆಯ ರೂಪದಲ್ಲಿ ಅವನು ಬರೆದ ಕಾದಂಬರಿ ಲಂಡನ್ನಿನಲ್ಲಿ ದೊಡ್ಡ ಹೆಸರು ಮಾಡಿತ್ತು. ಸುರಪುರಕ್ಕೆ ಬಂದಾಗ ಅವನು ಬರಿಯ ಅಧಿಕಾರಿಯಲ್ಲ, ಹೆಸರಾದ ಕಾದಂಬರಿಕಾರ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅವನ ಆತ್ಮಕಥೆ ಅವನು ಸತ್ತ ಮರುವರ್ಷ, 1877ರಲ್ಲಿ, ಮಗಳ ಕೈಯಿಂದ ಅಚ್ಚಾಗಿ ಹೊರಬಂತು. ಅದರಲ್ಲಿ ಈಶ್ವರಮ್ಮ ಹೇಗೆ ಬರುತ್ತಾಳೆ ಗೊತ್ತೆ? ಹಟಮಾರಿ, ದುಂದುಗಾತಿ, ಒಳಸಂಚು ಮಾಡುವವಳು, ನಡತೆ ಸರಿಯಿಲ್ಲದವಳು. ಮಗನ ಮೇಲೆ ಅವಳ ನೆರಳು ಬೀಳದಿದ್ದರೆ ಅವನು ಒಳ್ಳೆಯವನಾಗುತ್ತಿದ್ದ ಎಂಬುದು ಅವನ ಹಾಡು. ನನಗೆ ಈ ಪುಟಗಳನ್ನು ಓದುವಾಗಲೆಲ್ಲ ಕಿತ್ತೂರಿನ ಚೆನ್ನಮ್ಮನ ನೆನಪಾಗುತ್ತದೆ. ಅಲ್ಲಿಯೂ ರಾಜ ಸತ್ತ, ಅಲ್ಲಿಯೂ ವಾರಸುದಾರ ಹುಡುಗ, ಅಲ್ಲಿಯೂ ಬೀಗ ಹಾಕಲು ಬಂದ ಒಬ್ಬ ಸಾಹೇಬ. 1824ರ ಅಕ್ಟೋಬರಿನಲ್ಲಿ ಥ್ಯಾಕರೆ ಕೋಟೆಯ ಬಾಗಿಲಲ್ಲೇ ಸತ್ತದ್ದರಿಂದ ಚೆನ್ನಮ್ಮನ ಬಗ್ಗೆ ಆತ್ಮಕಥೆ ಬರೆಯಲು ಅವನಿಗೆ ಆಗಲಿಲ್ಲ. ಟೇಲರ್ ಬದುಕಿ ಉಳಿದ, ಪುಸ್ತಕ ಬರೆದ. ಯುದ್ಧ ಮಾಡಿದ ರಾಣಿ ವೀರರಾಣಿಯಾಗುತ್ತಾಳೆ. ಖಜಾನೆಯ ಕೀಲಿಕೈ ಬಿಡದೆ, ಮುದ್ರೆ ಬಿಡದೆ, ಸಾಹೇಬನ ಜೊತೆ ವರ್ಷಗಟ್ಟಲೆ ಜಗ್ಗಾಡಿದವಳು ಜಗಳಗಂಟಿಯಾಗುತ್ತಾಳೆ.

ಈಶ್ವರಮ್ಮ ದೇವತೆಯಾಗಿದ್ದಳೆಂದು ನಾನು ಹೇಳುತ್ತಿಲ್ಲ. ಅಧಿಕಾರ ಹಿಡಿದವರ ಕೈಯಲ್ಲಿ ಖರ್ಚು, ಪಕ್ಷಪಾತ, ಬಂಟರಿಗೆ ಮೇಜವಾನಿ ಇದ್ದದ್ದೇ. ಆದರೆ ಅದೇ ಕೆಲಸವನ್ನು ಗಂಡಸು ರಾಜ ಮಾಡಿದರೆ ಅವನ ದರ್ಬಾರು ದೊಡ್ಡದು, ಉದಾರಿ ಎನ್ನುತ್ತಾರೆ. ಹೆಂಗಸು ಮಾಡಿದರೆ ಮೊದಲು ಅವಳ ನಡತೆಯ ವಿಚಾರಣೆ. ಇನ್ನೂ ಒಂದು ವಿಚಿತ್ರವಿದೆ. ಟೇಲರ್ ತನ್ನ ಕೊನೆಯ ದಿನಗಳಲ್ಲಿ ಬರೆದ ಒಂದು ಕಾದಂಬರಿ 1878ರಲ್ಲಿ ಹೊರಬಂತು. ಅದರ ಕಥಾನಾಯಕಿ ಅಹಮದನಗರದ ಕೋಟೆಯನ್ನು ಮೊಗಲರಿಂದ ಕಾದ ಚಾಂದಬೀಬಿ. ಪುಸ್ತಕದ ಹೆಸರಿನಲ್ಲೇ ಅವಳನ್ನು ಉದಾತ್ತ ರಾಣಿ ಎಂದು ಕರೆದಿದ್ದಾನೆ. ಕಥೆ ನಡೆಯುವುದು ನಮ್ಮ ಕೃಷ್ಣೆಯ ದಂಡೆಯಲ್ಲಿಯೂ ಹೌದು, ಜಲದುರ್ಗದ ಕೋಟೆಯೂ ಬೇಡರ ನಾಯಕರೂ ಅದರಲ್ಲಿದ್ದಾರೆ. ಸತ್ತು ಎರಡೂವರೆ ನೂರು ವರ್ಷಗಳಾದ ರಾಣಿಯಲ್ಲಿ ಅವನಿಗೆ ಉದಾತ್ತತೆ ಕಂಡಿತು. ಎದುರಿಗೆ ಪರದೆಯ ಹಿಂದೆ ಕೂತು ವಾದ ಮಾಡುತ್ತಿದ್ದವಳಲ್ಲಿ ಕಾಣಲಿಲ್ಲ.

ಹುಡುಗ ಮಾತ್ರ ಟೇಲರನನ್ನು ಹಚ್ಚಿಕೊಂಡ. ಅಪ್ಪಾ ಎಂದೇ ಕರೆಯುತ್ತಿದ್ದ. ತಂದೆ ಇಲ್ಲದ ಮಗು, ಎದುರಿಗೆ ಓದು ಬರಹ ಕಲಿಸುವ, ಕಥೆ ಹೇಳುವ, ಚಿತ್ರ ಬರೆಯುವ ಗಂಡಸು. ಟೇಲರನಿಗೂ ಅವನ ಮೇಲೆ ನಿಜವಾದ ಮಮತೆ ಇತ್ತು ಎನ್ನುವುದರಲ್ಲಿ ನನಗೆ ಸಂಶಯವಿಲ್ಲ. ಆದರೆ ತಾಯಿಯ ಕಡೆಯಿಂದ ಒಮ್ಮೆ ಯೋಚಿಸಿ. ರಾಜ್ಯದ ಲಗಾಮು ಒಬ್ಬೊಬ್ಬರಾಗಿ ತನ್ನ ಕೈಯಿಂದ ಜಾರಿಸಿದವನನ್ನೇ ಮಗ ಅಪ್ಪಾ ಎಂದು ಕರೆಯುತ್ತಾನೆ. ನಮ್ಮ ಅತ್ತೆಯವರಿಗೆ ಈ ಕಥೆ ಹೇಳಿದಾಗ ಅವರು ಅಡಕೆ ಕತ್ತರಿಸುವುದನ್ನು ನಿಲ್ಲಿಸಿ, "ಕೂಸಿನ ಕಾಯಾಕ ಬಂದಾಂವ ಕೀಲಿಗೊಂಚಲಾ ತಗೊಂಡನಂತಲ್ಲ" ಅಂದರು. ಇದಕ್ಕಿಂತ ಚೆನ್ನಾಗಿ ಹೇಳಲು ನನಗೆ ಬಂದಿಲ್ಲ.

ಆ ಆತ್ಮಕಥೆಯಲ್ಲಿ ಈಶ್ವರಮ್ಮ ಒಂದೇ ಒಂದು ಕಡೆ ಬರಿಯ ತಾಯಿಯಾಗಿ ಕಾಣುತ್ತಾಳೆ. ಒಮ್ಮೆ ಜಡ್ಡಾಗಿ ಮಲಗಿದ್ದಾಗ ಟೇಲರನನ್ನು ಕರೆಸಿಕೊಂಡಳಂತೆ. ಜೊತೆಗೆ ಮನೆತನದ ಮುದಿ ಜೋಯಿಸ. ಮಗ ಹುಟ್ಟಿದಾಗ ಬರೆದ ಜಾತಕವನ್ನು ತೆಗೆಸಿ ತೋರಿಸಿದಳು. ಇಪ್ಪತ್ತನಾಲ್ಕನೆಯ ವರ್ಷದಲ್ಲಿ ಕಂಟಕ, ಅದನ್ನು ದಾಟುವುದಿಲ್ಲ ಎಂದು ಅದರಲ್ಲಿತ್ತು. ಈ ಗುಟ್ಟು ಸತ್ತ ಗಂಡನಿಗೆ, ಜೋಯಿಸನಿಗೆ, ತನಗೆ ಬಿಟ್ಟರೆ ಯಾರಿಗೂ ತಿಳಿದಿರಲಿಲ್ಲ. ತಾನು ಸತ್ತರೆ ಮಗನ ಮೇಲೆ ಕಣ್ಣಿಡುವವರು ಬೇಕಲ್ಲ, ಅದಕ್ಕೆ ವೈರಿಯನ್ನೇ ಕರೆದು ಹೇಳಿದಳು.

ಇದು ನಡೆದದ್ದು ಹೀಗೆಯೇ ಇದ್ದೀತೆ? ಟೇಲರ್ ಇದನ್ನು ಬರೆದದ್ದು ಎಲ್ಲ ಮುಗಿದು ಎಷ್ಟೋ ವರ್ಷಗಳ ಮೇಲೆ, ಕೊನೆ ಏನೆಂದು ಗೊತ್ತಾದ ಮೇಲೆ. ಜೊತೆಗೆ ಅವನು ಕಾದಂಬರಿಕಾರ. ಜಾತಕದ ಮಾತನ್ನು ನಾನು ನಂಬುವುದಿಲ್ಲ. ಆದರೆ ಆ ರಾತ್ರಿಯ ತಾಯಿಯನ್ನು ನಂಬುತ್ತೇನೆ. ಒಬ್ಬನೇ ಮಗನ ತಾಯಿಯ ಎದೆಯೊಳಗೆ ಎಂಥದೋ ಒಂದು ವರ್ಷದ ಹೆದರಿಕೆ ಇದ್ದೇ ಇರುತ್ತದೆ. ಅದನ್ನು ಕಾಗದದ ಮೇಲೆ ಬರೆದುಕೊಡುವ ಜೋಯಿಸರೂ ಎಲ್ಲ ಕಾಲದಲ್ಲಿ ಇರುತ್ತಾರೆ.

ಟೇಲರ್ ಸುರಪುರಕ್ಕೆ ಒಳ್ಳೆಯದನ್ನೂ ಮಾಡಿದ, ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ಸಾಲದ ಹೊರೆ ಇಳಿಸಿದ, ಕಂದಾಯದ ಲೆಕ್ಕ ಸರಿಪಡಿಸಿದ, ರಸ್ತೆ ಹಾಕಿಸಿದ. ನಾಯಕರ ಕಾಲದ ಬೋನಾಳದ ಕೆರೆಯನ್ನು ದೊಡ್ಡದು ಮಾಡಿಸಿದ. ಚಳಿಗಾಲಕ್ಕೆ ದೂರದೂರದ ಹಕ್ಕಿಗಳು ಬಂದಿಳಿಯುವ ಆ ಕೆರೆ ಈಗ ಪಕ್ಷಿಧಾಮ. ರಾಜನಕೋಳೂರಿನ ಹೊಲಗಳಲ್ಲಿ ಚಪ್ಪಡಿ ಕಲ್ಲುಗಳ ಪ್ರಾಚೀನ ಗೋರಿಗಳನ್ನೂ, ಶಹಾಪುರದ ಹತ್ತಿರ ವಿಭೂತಿಹಳ್ಳಿಯಲ್ಲಿ ಸಾಲಾಗಿ ಜೋಡಿಸಿದ ಬಂಡೆಗಳನ್ನೂ ಮೊದಲು ಗುರುತಿಸಿ, ಅಳತೆ ಮಾಡಿ, ಹೊರಗಿನವರಿಗೆ ಹೇಳಿದವನು ಅವನೇ. ನಮ್ಮವರು ಅವನ್ನು ಮೋರ್ಯರ ಮನೆ ಎಂದು ಕರೆದು ಸುಮ್ಮನಿದ್ದರು. ಗುಡ್ಡದ ಮೇಲೆ ಅವನು ಕಟ್ಟಿಸಿಕೊಂಡ ಬಂಗಲೆ ಟೇಲರ್ ಮಂಜಿಲ್ ಎಂಬ ಹೆಸರಿನಿಂದ ಇಂದಿಗೂ ನಿಂತಿದೆ. ಮದುವೆಯಾದ ಹೊಸದರಲ್ಲಿ ನಮ್ಮವರು ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದರು. ಅಲ್ಲಿಂದ ಇಡೀ ಊರು ಅಂಗೈಯ ಮೇಲಿಟ್ಟಂತೆ ಕಾಣುತ್ತದೆ. ಎಷ್ಟು ಚೆಂದದ ನೋಟ ಎಂದು ಅಂದು ಹಿಗ್ಗಿದ್ದೆ. ಊರನ್ನೆಲ್ಲ ಮೇಲಿಂದ ನೋಡುವಂತೆ ಮನೆ ಕಟ್ಟಿಸಿಕೊಂಡವನಿಗೆ ಅರಮನೆಯ ಅಂಗಳವೂ ಕಾಣುತ್ತಿತ್ತು ಎಂಬುದು ಹೊಳೆದದ್ದು ಬಹಳ ವರ್ಷಗಳ ಮೇಲೆ.

1853ರಲ್ಲಿ ವೆಂಕಟಪ್ಪ ನಾಯಕ ಪ್ರಾಯಕ್ಕೆ ಬಂದ. ರಾಜ್ಯ ಅವನ ಕೈಗೆ ಬಂತು. ಅದೇ ವರ್ಷ ನಿಜಾಮ ಸಾಲಕ್ಕೆ ಬದಲಾಗಿ ಬೀದರ ಆಚೆಯ ವರ್ಹಾಡ, ರಾಯಚೂರು ದೋಆಬ್, ನಳದುರ್ಗದ ಸೀಮೆಗಳನ್ನು ಕಂಪನಿಗೆ ಬರೆದುಕೊಟ್ಟ. ಟೇಲರನಿಗೆ ನಳದುರ್ಗಕ್ಕೆ ವರ್ಗವಾಯಿತು. ಹುಡುಗ ಅಪ್ಪನನ್ನು ಕಳಿಸಿಕೊಟ್ಟ. ಹತ್ತೊಂಬತ್ತು ಇಪ್ಪತ್ತರ ರಾಜ, ತುಂಬಿದ ಖಜಾನೆ, ಸುತ್ತ ಹೊಗಳುವ ಮಂದಿ. ಮೊದಲ ಕೆಲವು ವರ್ಷಗಳಲ್ಲಿ ಅವನು ಕೈಬಿಚ್ಚಿ ಖರ್ಚು ಮಾಡಿದ ಎನ್ನುವುದನ್ನು ಟೇಲರ್ ಅಲ್ಲದವರೂ ಒಪ್ಪುತ್ತಾರೆ. ಹನ್ನೆರಡು ವರ್ಷ ಬೇರೆಯವರ ಲೆಕ್ಕದ ಪುಸ್ತಕದೊಳಗೆ ಬೆಳೆದವನು ಕೈಗೆ ದುಡ್ಡು ಬಂದ ದಿನ ಏನು ಮಾಡುತ್ತಾನೆ ಎಂಬುದು ತಾಯಂದಿರಿಗೆ ಗೊತ್ತು.

1857 ಬಂತು. ಉತ್ತರದಲ್ಲಿ ಮೀರತ್, ದಿಲ್ಲಿ, ಕಾನಪುರ. ನಮ್ಮ ಕಡೆಗೆ ಸುದ್ದಿ ಬಂದದ್ದು ತಡವಾಗಿ. ಆದರೆ ನಿಶ್ಶಸ್ತ್ರೀಕರಣದ ಕಾಯಿದೆ ಬಂದ ಮೇಲೆ ಬೆಂಕಿ ಬೇಗ ಹತ್ತಿತು. ಬೇಡರಿಗೆ ಆಯುಧವೆಂದರೆ ಮೈಯ ಒಂದು ಅಂಗ. ಅದನ್ನು ಸರಕಾರಕ್ಕೆ ಒಪ್ಪಿಸಿ ಎಂದರೆ? ಮುಧೋಳ ಸೀಮೆಯ ಹಲಗಲಿಯ ಬೇಡರು ಕೊಡುವುದಿಲ್ಲ ಎಂದರು. ನವೆಂಬರ್ ಕೊನೆಯಲ್ಲಿ ಊರಿಗೆ ಊರೇ ಸುಟ್ಟಿತು, ಸೆರೆ ಸಿಕ್ಕವರನ್ನು ಗಲ್ಲಿಗೇರಿಸಿದರು. ಆ ಹೊಗೆ ಸುರಪುರದ ಬೇಡರ ಕಣ್ಣಿಗೆ ಬೀಳದೆ ಇರುತ್ತದೆಯೆ? ದಕ್ಷಿಣ ಮಹಾರಾಷ್ಟ್ರದ ಕಡೆಯ ದೂತರು ಬರಹೋಗುತ್ತಿದ್ದರು. ರಾಜ ಅರಬರನ್ನೂ ರೋಹಿಲರನ್ನೂ ದಂಡಿಗೆ ಸೇರಿಸಿಕೊಳ್ಳತೊಡಗಿದ. ಹೈದರಾಬಾದಿನ ರೆಸಿಡೆಂಟ್ ಡೇವಿಡ್ಸನ್ ಬುದ್ಧಿ ಹೇಳಲು ಕ್ಯಾಪ್ಟನ್ ಕ್ಯಾಂಬೆಲನನ್ನು ಕಳಿಸಿದ. ಹಿಂದೆಯೇ ಸೈನ್ಯ ಮೂರು ದಿಕ್ಕಿನಿಂದ ಹೊರಟಿತ್ತು. ಬುದ್ಧಿ ಹೇಳುವವರ ಬೆನ್ನಿಗೆ ತೋಪು ಬರುತ್ತಿದ್ದರೆ ಇಪ್ಪತ್ತಮೂರರ ಹುಡುಗ ಯಾವುದನ್ನು ನಂಬಬೇಕು?

1858ರ ಫೆಬ್ರವರಿ 7ರಂದು ಲಿಂಗಸೂಗೂರಿನಿಂದ ಬಂದ ಕ್ಯಾಪ್ಟನ್ ವಿಂಡ್‌ಹ್ಯಾಮನ ತುಕಡಿ ಸುರಪುರದ ಹತ್ತಿರ ಬೀಡುಬಿಟ್ಟಿತು. ಅದೇ ರಾತ್ರಿ ಬೇಡರೂ ಅರಬರೂ ಅದರ ಮೇಲೆ ಬಿದ್ದರು. ಮರುದಿನ ಮದರಾಸಿನ ಕುದುರೆ ದಂಡು ಬಂದು ಸೇರಿಕೊಂಡಿತು. ಆ ದಿನದ ಕಾದಾಟದಲ್ಲಿ ಅದರ ಕ್ಯಾಪ್ಟನ್ ನ್ಯೂಬೆರಿ ಸತ್ತ, ಲೆಫ್ಟಿನೆಂಟ್ ಸ್ಟೂವರ್ಟ್ ಸಾಯುವ ಗಾಯ ತಿಂದ. ಅತ್ತ ಮಾಲ್ಕಮನ ದೊಡ್ಡ ದಂಡು ಹತ್ತಿರ ಬರುತ್ತಿದೆ ಎಂಬ ಸುದ್ದಿ. ಆ ರಾತ್ರಿ ರಾಜ ಕೆಲವೇ ಸವಾರರ ಜೊತೆ ಊರು ಬಿಟ್ಟ. ಜನ ಮಕ್ಕಳು ಮರಿ ಕಟ್ಟಿಕೊಂಡು ಗುಡ್ಡ ಸೇರಿದರು. ಇಂಗ್ಲಿಷರು ಊರೊಳಗೆ ಬಂದಾಗ ಬೀದಿಗಳು ಖಾಲಿ. ನೂರ ಐವತ್ತ ಮೂರು ವರ್ಷದ ಹಿಂದೆ ವಾಗಿನಗೇರಿಯಲ್ಲಿ ಔರಂಗಜೇಬನಿಗೆ ಸಿಕ್ಕಿದಂಥದೇ ಖಾಲಿ ಊರು. ಆದರೆ ಈ ಸಲ ನಾಯಕನಿಗೆ ಹೊಸ ಗುಡ್ಡ ಸಿಗಲಿಲ್ಲ. ಅವನು ಹೋದದ್ದು ನೇರ ಹೈದರಾಬಾದಿಗೆ, ಅಲ್ಲಿ ಯಾರಾದರೂ ಕೈ ಹಿಡಿದಾರು ಎಂದು. ಬಜಾರದಲ್ಲಿ ಸಿಕ್ಕಿಬಿದ್ದ. ದಿವಾನ್ ಸಾಲಾರ್ ಜಂಗ್ ಅವನನ್ನು ರೆಸಿಡೆಂಟನಿಗೆ ಒಪ್ಪಿಸಿದ.

ಸೆರೆಯಲ್ಲಿದ್ದ ಹುಡುಗನನ್ನು ನೋಡಲು ಟೇಲರ್ ಹೋದ. ಅವನ ಬರವಣಿಗೆಯಲ್ಲಿ ನಾನು ಪೂರ್ತಿ ನಂಬುವ ಪುಟಗಳೆಂದರೆ ಇವೇ. ಹುಡುಗ ಅವನ ಕೊರಳಿಗೆ ಬಿದ್ದು ಅತ್ತ. ನಿನ್ನನ್ನು ಎತ್ತಿಕಟ್ಟಿದವರು ಯಾರೆಂದು ಹೇಳಿಬಿಡು, ಶಿಕ್ಷೆ ಕಡಿಮೆಯಾಗಬಹುದು ಎಂಬ ಮಾತು ರೆಸಿಡೆಂಟನ ಕಡೆಯಿಂದ ಬಂದಿತ್ತು. ಅವನು ಒಬ್ಬರ ಹೆಸರನ್ನೂ ಹೇಳಲಿಲ್ಲ. ತನ್ನನ್ನು ಕಳ್ಳನಂತೆ ನೇಣಿಗೆ ಹಾಕಬಾರದು, ತೋಪಿನ ಬಾಯಿಗೆ ಕಟ್ಟಿದರೆ ಹೆದರುವುದಿಲ್ಲ ಎಂದಷ್ಟೇ ಕೇಳಿಕೊಂಡ. ಟೇಲರ್ ಅವನನ್ನು ಎಷ್ಟೋ ಕಡೆ ದುರ್ಬಲ ಮನಸ್ಸಿನವನು, ಬೇರೆಯವರ ಮಾತಿಗೆ ಬೀಳುವವನು ಎಂದಿದ್ದಾನೆ. ಸಾವಿನ ಮುಂದೆ ನಿಂತು ಯಾರ ಹೆಸರನ್ನೂ ಬಿಡದವನು ದುರ್ಬಲನೆ?

ಮರಣದಂಡನೆ ವಿಧಿಸಿದರು. ರೆಸಿಡೆಂಟ್ ಅದನ್ನು ಜೀವಾವಧಿ ಗಡೀಪಾರಿಗೆ ಇಳಿಸಿದ. ಗವರ್ನರ್ ಜನರಲ್ ಕ್ಯಾನಿಂಗ್ ಮತ್ತೂ ಇಳಿಸಿ, ಮದರಾಸಿನ ಹತ್ತಿರದ ಕೋಟೆಯೊಂದರಲ್ಲಿ ನಾಲ್ಕು ವರ್ಷ ಇರಿಸಬೇಕು, ನಡತೆ ಸರಿಯಿದ್ದರೆ ರಾಜ್ಯ ಮರಳಿ ಕೊಡುವುದನ್ನು ಯೋಚಿಸಬಹುದು ಎಂದ. ನಾಲ್ಕು ವರ್ಷ! ಆ ಮೇ ತಿಂಗಳಲ್ಲಿ ಇದು ಎಂಥ ದಯೆಯೆಂದು ತಿಳಿಯಬೇಕಾದರೆ ಸುತ್ತ ನೋಡಬೇಕು. ನರಗುಂದದ ಬಾಬಾಸಾಹೇಬ ಮ್ಯಾನ್ಸನ್ನನ ತಲೆ ಕತ್ತರಿಸಿದ್ದು ಅದೇ ತಿಂಗಳ ಕೊನೆಯಲ್ಲಿ, ಜೂನ್ 12ಕ್ಕೆ ಬೆಳಗಾವಿಯಲ್ಲಿ ಅವನಿಗೆ ಗಲ್ಲು. ಮುಂಡರಗಿ ಭೀಮರಾಯ ಜೂನ್ ಮೊದಲಲ್ಲೇ ಕೊಪ್ಪಳದ ಕೋಟೆಯಲ್ಲಿ ಬಿದ್ದ. ಝಾನ್ಸಿಯ ರಾಣಿ ಗ್ವಾಲಿಯರಿನಲ್ಲಿ ಸತ್ತದ್ದೂ ಅದೇ ಜೂನಿನಲ್ಲಿ. ಇವರೆಲ್ಲರ ನಡುವೆ ವೆಂಕಟಪ್ಪ ನಾಯಕ ಒಬ್ಬನಿಗೆ ಬದುಕುವ ಬಾಗಿಲು ತೆರೆದಿತ್ತು.

ಹೈದರಾಬಾದಿನಿಂದ ಹೊರಟ ಮೊದಲ ಬೀಡಿನಲ್ಲಿಯೇ ಅವನು ಸತ್ತ. ಜೊತೆಗಿದ್ದ ಅಧಿಕಾರಿ ತನ್ನ ರಿವಾಲ್ವರನ್ನು ಬಿಚ್ಚಿಟ್ಟು ಡೇರೆಯ ಹೊರಗೆ ಹೋಗಿದ್ದ, ರಾಜ ಅದನ್ನು ತೆಗೆದು ತಾನೇ ಗುಂಡು ಹೊಡೆದುಕೊಂಡ ಎಂಬುದು ಇಂಗ್ಲಿಷರ ಹೇಳಿಕೆ. ಟೇಲರನೂ ಅದನ್ನೇ ಬರೆದ. ಆದರೆ ಅವನು ಅಲ್ಲಿರಲಿಲ್ಲ, ಸುರಪುರದಲ್ಲಿದ್ದ. ಅವನಿಗೆ ತಿಳಿದದ್ದು ಕಾಗದದಿಂದ. ಸುರಪುರದ ಜನ ಅಂದಿನಿಂದ ಇಂದಿನವರೆಗೆ ಹೇಳುವುದು ಬೇರೆ: ರಾಜನನ್ನು ಕೊಂದರು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ನನ್ನ ಮನಸ್ಸು ಒಂದೇ ಕಡೆ ನಿಲ್ಲುತ್ತದೆ. ರಾಜದ್ರೋಹದ ಕೈದಿ, ಬೇಡರ ದೊರೆ, ಕೈಗೆ ಆಯುಧ ಸಿಕ್ಕರೆ ಏನೂ ಮಾಡಬಲ್ಲವನು. ಅಂಥವನ ಕೈಗೆ ಎಟುಕುವಂತೆ ತುಂಬಿದ ರಿವಾಲ್ವರ್ ಬಿಟ್ಟು ಹೋಗುವ ಅಧಿಕಾರಿ ಎಂಥವನು? ಅಲಕ್ಷ್ಯವೆಂದರೂ ಅದು ಕೊಲೆಗೆ ಬಾಗಿಲು ತೆರೆದಿಟ್ಟ ಅಲಕ್ಷ್ಯ. ಇನ್ನೊಂದು ಮಾತು ಕಾಡುತ್ತದೆ. ತಾನೇ ಹೊಡೆದುಕೊಂಡ ಎಂದಾಗ ಅವನ ಕಥೆ ಸೋತ ಮನಸ್ಸಿನ ಕಥೆಯಾಗುತ್ತದೆ, ಟೇಲರ್ ಮೊದಲಿನಿಂದ ಬರೆದುಕೊಂಡು ಬಂದ ದುರ್ಬಲ ಹುಡುಗನ ಚಿತ್ರಕ್ಕೆ ಅದು ಸರಿಯಾಗಿ ಕೂಡುತ್ತದೆ. ಸುರಪುರದವರು ಕೊಂದರು ಎಂದು ಹಟ ಹಿಡಿಯುವುದು ಬರೀ ರಾಜಭಕ್ತಿಯಿಂದಲ್ಲ. ತಮ್ಮ ಹುಡುಗ ಕೊನೆಗೆ ಹೆದರಲಿಲ್ಲ ಎಂಬುದು ಅವರಿಗೆ ಬೇಕು.

ಸುದ್ದಿ ಬಂದ ದಿನದ ಬಗ್ಗೆ ಟೇಲರ್ ಹೀಗೆ ಹೇಳುತ್ತಾನೆ. ಶಿಕ್ಷೆ ಕಡಿಮೆಯಾದ ವಾರ್ತೆ ತಲುಪಿದಾಗ ಅವನು ಹಿಗ್ಗಿ, ಅದೇ ಮುದಿ ಜೋಯಿಸನಿಗೆ, ನೋಡು ನಿನ್ನ ಜಾತಕ ಸುಳ್ಳಾಯಿತು ಎಂದ. ಮುದುಕ ತಲೆಯಾಡಿಸಿದನೇ ಹೊರತು ಒಪ್ಪಲಿಲ್ಲ. ವರ್ಷ ಇನ್ನೂ ಮುಗಿದಿರಲಿಲ್ಲ. ಆಮೇಲೆ ಸಾವಿನ ಕಾಗದ ಬಂತು. ಇಪ್ಪತ್ತನಾಲ್ಕನೆಯ ವರ್ಷ. ಆತ್ಮಕಥೆಯಲ್ಲಿ ಇದು ಮೈ ಜುಮ್ಮೆನ್ನಿಸುವ ಅಧ್ಯಾಯ. ಆದರೆ ನನಗೆ ಇದರ ಮೇಲೆ ಒಂದು ದೂರಿದೆ. ಎಲ್ಲವೂ ಗ್ರಹಗತಿ ಎಂದುಬಿಟ್ಟರೆ ಮೂರು ದಿಕ್ಕಿನಿಂದ ಬಂದ ಸೈನ್ಯ, ಕಿತ್ತುಕೊಂಡ ಆಯುಧ, ಬಿಚ್ಚಿಟ್ಟ ರಿವಾಲ್ವರ್ ಇವು ಯಾವುದಕ್ಕೂ ಯಾರೂ ಉತ್ತರ ಹೇಳಬೇಕಾಗಿಲ್ಲ. ತಾಯಿಯ ಹೆದರಿಕೆ ಸಾಹೇಬರ ಅನುಕೂಲಕ್ಕೆ ಬಂತು.

ಸುರಪುರವನ್ನು ಸರಕಾರ ಮುಟ್ಟುಗೋಲು ಹಾಕಿಕೊಂಡಿತು. 1860ರ ಒಪ್ಪಂದದಲ್ಲಿ, ದಂಗೆಯ ಕಾಲಕ್ಕೆ ನಿಷ್ಠೆಯಿಂದ ಇದ್ದದ್ದಕ್ಕೆ ಬಹುಮಾನವೆಂದು, ರಾಯಚೂರು ಮತ್ತು ನಳದುರ್ಗದ ಸೀಮೆಗಳ ಜೊತೆ ಅದನ್ನು ನಿಜಾಮನಿಗೆ ಕೊಟ್ಟರು. ಟೇಲರ್ ಅದೇ ವರ್ಷ ಊರಿಗೆ ಮರಳಿದ, ಕಾದಂಬರಿಗಳನ್ನು ಬರೆದ, 1876ರಲ್ಲಿ ಫ್ರಾನ್ಸಿನ ಮೆಂಟೋನಿನಲ್ಲಿ ತೀರಿಕೊಂಡ. ಸುರಪುರ 1948ರ ಸೆಪ್ಟೆಂಬರ್ ತನಕ ನಿಜಾಮನದಾಗಿ, 1956ರಲ್ಲಿ ಕನ್ನಡ ನಾಡಿಗೆ ಸೇರಿ, ಗುಲ್ಬರ್ಗಾ ಜಿಲ್ಲೆಯ ತಾಲ್ಲೂಕಾಗಿದ್ದು 2010ರಿಂದ ಯಾದಗಿರಿ ಜಿಲ್ಲೆಯದಾಗಿದೆ. ನಾರಾಯಣಪುರದ ಕಾಲುವೆ ಬಂದ ಮೇಲೆ ಜೋಳದ ಹೊಲಗಳಲ್ಲಿ ಭತ್ತ ನಿಂತಿದೆ. ಹೆಸರು ಮನೆತನದಲ್ಲಿ ಉಳಿದಿದೆ: ಸುರಪುರದ ಶಾಸಕರಾಗಿದ್ದು 2024ರಲ್ಲಿ ತೀರಿಕೊಂಡವರೂ ರಾಜಾ ವೆಂಕಟಪ್ಪ ನಾಯಕರೇ. ಗೋಕುಲಾಷ್ಟಮಿಯ ಹೊತ್ತಿಗೆ ವೇಣುಗೋಪಾಲಸ್ವಾಮಿ ಗುಡಿಯ ಮುಂದೆ ಜಾರುವ ಕಂಬ ಏರುವ ಹುಡುಗರನ್ನು ನೋಡಲು ಸುತ್ತಿನ ಹಳ್ಳಿಗಳ ಹೆಣ್ಣುಮಕ್ಕಳು ಬುತ್ತಿ ಕಟ್ಟಿಕೊಂಡು ಬರುತ್ತಾರೆ. ಹುಡುಗರು ಅರ್ಧ ಏರಿ ಜಾರಿ ಬೀಳುವಾಗ, ಅವರ ಮಗನಲ್ಲದಿದ್ದರೂ, ಎಲ್ಲರೂ ಒಟ್ಟಿಗೆ ಅಯ್ಯೋ ಎನ್ನುತ್ತಾರೆ. ಈಚೆಗೆ ಹೋದಾಗ ನನ್ನ ಪಕ್ಕದಲ್ಲಿ ಕೂತಿದ್ದ ಒಬ್ಬ ಮುದುಕಿಗೆ ಈಶ್ವರಮ್ಮನ ಹೆಸರು ಕೇಳಿದೆ. "ರಾಜನ ತಾಯಿ ಅಲ್ಲೇನವ್ವ" ಅಂದಳು, ಮತ್ತೆ ಕಂಬದ ಕಡೆ ತಿರುಗಿದಳು.